ಗ್ಲಾಸಿನಲ್ಲಿ ಏನಿದೆ ಎಂದು ನಾನು ಬರೆದಿಡುವ ಬಗೆ

"ಈಗ ಏನು ಕುಡೀತಿದ್ದೀರಿ?" ಎಂದು ನಮ್ಮ ಬಿಯರ್ ಬಳಗದಲ್ಲಿ ಯಾರಾದರೂ ಕೇಳಿದರೆ ನಾನು ಬಿಯರಿನ ಹೆಸರಿನ ಜೊತೆಗೆ ಇನ್ನೆರಡು ಸಂಗತಿ ಹೇಳುತ್ತೇನೆ: ಬಾಟಲಿಗೆ ತುಂಬಿದ ದಿನಾಂಕ, ಮತ್ತು ಸುರಿದಾಗ ಬಿಯರ್ ಎಷ್ಟು ತಣ್ಣಗಿತ್ತು ಎಂಬುದು. ಇವೆರಡೂ ಇಲ್ಲದೆ ಐದಕ್ಕೆ ನಾಲ್ಕು ಅಂಕ ಎಂದು ಬರೆದರೆ ಓದಿದವರಿಗೆ ಏನೂ ದಕ್ಕುವುದಿಲ್ಲ. ಒಂದೇ ಐಪಿಎ (ಹಾಪ್ಸ್ ಎಂಬ ಹೂವಿನ ಕಹಿ, ಘಮ ಎದ್ದು ಕಾಣುವ ಬಿಯರ್) ಬಗ್ಗೆ ಇಬ್ಬರು ವಾದಕ್ಕಿಳಿದಾಗ ದಿನಾಂಕ ಕೇಳಿ ನೋಡಿ. ಒಬ್ಬರದು ತುಂಬಿ ಮೂರು ವಾರವಾದದ್ದು, ಇನ್ನೊಬ್ಬರದು ಆರೇಳು ತಿಂಗಳಿನದು ಎಂದು ಎಷ್ಟೋ ಸಲ ಗೊತ್ತಾಗುತ್ತದೆ.

ಹಳತಾಗುವ ಬಿಯರಿನಲ್ಲಿ ಮೊದಲು ಕುಂದುವುದು ಹಾಪ್ಸ್ ಘಮ. ಆಮ್ಲಜನಕ ಸ್ವಲ್ಪ ಒಳಸೇರಿದರೂ ಸಾಕು, ಹಣ್ಣಿನ ವಾಸನೆ ಮಸುಕಾಗಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಸಿಹಿ ಮೇಲೆದ್ದು ಬರುತ್ತದೆ. ತಂಪಿನಲ್ಲಿ ಹುದುಗಿಸುವ ಲಾಗರ್ ಹಳತಾದರೆ ಒದ್ದೆ ರಟ್ಟಿನ ವಾಸನೆ. ಹಾಗಾಗಿ ಐಪಿಎ, ಪಿಲ್ಸ್ನರ್ (ತಿಳಿ ಬಣ್ಣದ ಲಾಗರ್) ತಂದರೆ ನಾನು ಕೂಡಿಡುವುದಿಲ್ಲ, ಬೇಗ ಕುಡಿದು ಮುಗಿಸುತ್ತೇನೆ. ಕಡುಗಪ್ಪಾದ ಗಟ್ಟಿ ಇಂಪೀರಿಯಲ್ ಸ್ಟೌಟ್, ಬೆಲ್ಜಿಯಂನ ಹುಳಿ ಬಿಯರ್ ಗ್ಯೂಜ್ ಥರದವುಗಳ ಕಥೆ ಬೇರೆ, ಅವು ಕಾಯುವವರಿಗೆ ಒಲಿಯುತ್ತವೆ. ಬೆಲ್ಜಿಯಂನ ಟ್ರಾಪಿಸ್ಟ್ ಕ್ರೈಸ್ತ ಸನ್ಯಾಸಿಗಳ ಮಠದ ಬಿಯರ್ ಓರ್ವಾಲ್ ನನಗೆ ಇದನ್ನು ಚೆನ್ನಾಗಿ ಕಲಿಸಿತು. ಅದನ್ನು ಬಾಟಲಿಗೆ ತುಂಬುವಾಗ ಬ್ರೆಟಾನೊಮೈಸಿಸ್ ಎಂಬ ಯೀಸ್ಟ್ ಸೇರಿಸುತ್ತಾರೆ, ಅದು ಬಾಟಲಿಯೊಳಗೇ ನಿಧಾನವಾಗಿ ಕೆಲಸ ಮಾಡುತ್ತಿರುತ್ತದೆ. ಒಂದೇ ದಿನಾಂಕದ ಕೆಲವು ಬಾಟಲಿಗಳನ್ನು ಕತ್ತಲಲ್ಲಿಟ್ಟು, ತಿಂಗಳುಗಟ್ಟಲೆ ಬಿಟ್ಟು ಒಂದೊಂದನ್ನೇ ತೆರೆಯುತ್ತ ಬಂದಿದ್ದೇನೆ. ಎಳೆಯದರಲ್ಲಿ ಹಾಪ್ಸ್ ಮುಂದೆ, ಕಹಿ ಚುರುಕು. ವರ್ಷ ತುಂಬುವ ಹೊತ್ತಿಗೆ ಸಿಹಿಯೆಲ್ಲ ಕರಗಿ ನಾಲಿಗೆ ಒಣಗುವಂಥ ಮುಕ್ತಾಯ, ತೊಗಲಿನ ವಾಸನೆ, ಒಂದಿಷ್ಟು ಮಣ್ಣಿನ ವಾಸನೆ. ಈ ವಾರ ನಾನು ಕುಡಿಯುತ್ತಿರುವುದೂ ಅದರದ್ದೇ ಒಂದು ಹಳೆಯ ಬಾಟಲಿ.

ಕತ್ತಲಲ್ಲಿಡಲು ಕಾರಣವಿದೆ. ಹಾಪ್ಸ್‌ನಿಂದ ಬಂದ ಕಹಿ ಅಂಶಗಳನ್ನು ಬೆಳಕು ಒಡೆಯುತ್ತದೆ. ಅವು ಗಂಧಕದ ಅಂಶದೊಡನೆ ಕೂಡಿ ಸ್ಕಂಕ್ ಪ್ರಾಣಿಯದೆಂದು ಹೇಳುವ ದುರ್ವಾಸನೆ ಹುಟ್ಟುತ್ತದೆ. ಕಂದು ಗಾಜು ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಗಾಜಿಗೆ ಅಷ್ಟು ಶಕ್ತಿಯಿಲ್ಲ, ಬಣ್ಣವಿಲ್ಲದ ಗಾಜಿಗಂತೂ ಇಲ್ಲವೇ ಇಲ್ಲ. ಕ್ಯಾನ್ ಕಂಡರೆ ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ, ಅದರೊಳಗೆ ಬೆಳಕು ಹೋಗುವ ಮಾತೇ ಇಲ್ಲ.

ಗ್ಲಾಸ್ ಯಾವ ಆಕಾರದ್ದು ಎನ್ನುವುದಕ್ಕಿಂತ ಎಷ್ಟು ಚೊಕ್ಕಟವಾಗಿದೆ ಎನ್ನುವುದು ನನಗೆ ಮುಖ್ಯ. ಜಿಡ್ಡು, ಸಾಬೂನು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಸುರಿದ ಮೇಲೆ ಗುಳ್ಳೆಗಳು ಗ್ಲಾಸಿನ ಒಳಗೋಡೆಗೆ ಅಂಟಿಕೊಂಡು ಕೂತರೆ ತೊಳೆದದ್ದು ಸಾಲದು ಎಂದೇ ಅರ್ಥ.

ಇನ್ನು ಕುಡಿಯುವ ವಿಚಾರ. ನೊರೆ ಇಳಿಯುವ ಮೊದಲೇ ಚಿಕ್ಕ ಚಿಕ್ಕದಾಗಿ ಮೂಸುತ್ತೇನೆ. ಒಂದೇ ಸಮನೆ ಮೂಸುತ್ತಿದ್ದರೆ ಮೂಗು ಒಗ್ಗಿಹೋಗಿ ಏನೂ ತಿಳಿಯದು, ಆಗ ನನ್ನ ತೋಳನ್ನೇ ಒಮ್ಮೆ ಮೂಸಿ ಮತ್ತೆ ಗ್ಲಾಸಿಗೆ ಬರುತ್ತೇನೆ. ಗುಟುಕನ್ನು ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟಾಗ ಗಂಟಲ ಹಿಂದಿನಿಂದ ಏಳುವ ವಾಸನೆಯಲ್ಲಿ ಬಿಯರ್ ತನ್ನ ಗುಟ್ಟನ್ನೆಲ್ಲ ಬಿಟ್ಟುಕೊಡುತ್ತದೆ. ರುಚಿ ನೋಡಿ ಉಗುಳುವವರಿಗೆ ಇದು ಪೂರ್ತಿ ಸಿಗುವುದಿಲ್ಲ. ಕಹಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆಯಬೇಕಾದರೂ ನುಂಗಲೇಬೇಕು.

ಆಮೇಲೆ ಅವಸರ ಮಾಡದೆ ಗ್ಲಾಸನ್ನು ಮೇಜಿನ ಮೇಲಿಟ್ಟು ಬಿಡುತ್ತೇನೆ. ತಣ್ಣಗಿದ್ದಾಗ ವಾಸನೆಯ ಅಂಶಗಳು ಹೆಚ್ಚು ಆವಿಯಾಗುವುದಿಲ್ಲ, ನಾಲಿಗೆಗೂ ಸಿಹಿ ಸರಿಯಾಗಿ ತಿಳಿಯುವುದಿಲ್ಲ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಇಂಪೀರಿಯಲ್ ಸ್ಟೌಟ್‌ನಲ್ಲಿ ನನಗೆ ಸಿಗುವುದು ಸೀದ ಕಹಿ ಮಾತ್ರ. 12 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಚಾಕೊಲೇಟ್, ಒಣದ್ರಾಕ್ಷಿ, ಕಾಫಿ ಬಿಡಿಬಿಡಿಯಾಗಿ ಕಾಣಿಸತೊಡಗುತ್ತವೆ. ಇನ್ನಷ್ಟು ಬೆಚ್ಚಗಾದರೆ ಆಲ್ಕೋಹಾಲಿನ ಕಾವು ಎಲ್ಲವನ್ನೂ ಮುಚ್ಚುತ್ತದೆ. ಪಿಲ್ಸ್ನರ್‌ಗೆ 5ರಿಂದ 7 ಡಿಗ್ರಿ ಹಿತ. ಆದರೂ ಕೊನೆಯ ಎರಡು ಗುಟುಕನ್ನು ಬೇಕೆಂದೇ ಬೆಚ್ಚಗಾಗಲು ಬಿಡುತ್ತೇನೆ. ಬೆಣ್ಣೆಯ ವಾಸನೆ ತರುವ ಡಯಾಸಿಟೈಲ್, ಬೇಯಿಸಿದ ಮೆಕ್ಕೆಜೋಳದ ವಾಸನೆಯ ಡಿಎಂಎಸ್ ಎಂಬ ಗಂಧಕದ ಅಂಶ ತಣ್ಣಗಿದ್ದಾಗ ಅಡಗಿದ್ದರೂ ಆ ಗುಟುಕಿನಲ್ಲಿ ಹೊರಬೀಳುತ್ತವೆ. ಅದಕ್ಕೇ ನನ್ನ ಪ್ರತಿ ಟಿಪ್ಪಣಿಯಲ್ಲೂ ಮೂರು ಸಾಲು: ತಣ್ಣಗಿದ್ದಾಗ, ನಡುವೆ, ಬೆಚ್ಚಗಾದಾಗ.

ತಪ್ಪು ವಾಸನೆ ಎಂದು ಬರೆಯುವ ಮುಂಚೆ ಅದು ಯಾವ ಶೈಲಿಯ ಬಿಯರ್ ಎಂದು ನೋಡುತ್ತೇನೆ. ಜರ್ಮನಿಯ ಗೋಧಿ ಬಿಯರ್ ಹೆಫೆವೈಟ್ಸನ್‌ನಲ್ಲಿ ಬಾಳೆಹಣ್ಣು, ಲವಂಗ ಬಂದರೆ ಯೀಸ್ಟ್ ತನ್ನ ಕೆಲಸ ಮಾಡಿದೆ ಎಂದರ್ಥ, ಅದೇ ಲವಂಗ ಪಿಲ್ಸ್ನರ್‌ನಲ್ಲಿ ಬಂದರೆ ದೋಷ. ಜರ್ಮನಿಯದೇ ಬಾಂಬೆರ್ಗ್‌ನ ರೌಖ್‌ಬಿಯರ್‌ಗೆ ಹೊಗೆಯೇ ಜೀವ, ಅದರ ಮಾಲ್ಟನ್ನು ಬೀಚ್ ಮರದ ಬೆಂಕಿಯಲ್ಲಿ ಒಣಗಿಸಿರುತ್ತಾರೆ. ಅದನ್ನು ಹೊಗೆ ಜಾಸ್ತಿ ಎಂದು ತೆಗಳುವುದು ಅನ್ಯಾಯ.

ಗೆಳೆಯರು ಸೇರಿದಾಗ ಮೂರು ಗ್ಲಾಸಿನ ಪರೀಕ್ಷೆ ಮಾಡುತ್ತೇವೆ: ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಎಂದು ಹೆಸರು ನೋಡದೆ ಹೇಳಬೇಕು. ನಾಲಿಗೆ ಪಳಗಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ. ಹಗುರದಿಂದ ಗಟ್ಟಿಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಹೋಗುತ್ತೇವೆ, ಒಂದು ಬಾಟಲಿಯನ್ನು ನಾಲ್ಕೈದು ಜನ ಹಂಚಿಕೊಳ್ಳುತ್ತೇವೆ. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಒಬ್ಬರು "ಲಿಚಿ" ಎಂದರೆ ಸಾಕು, ಉಳಿದವರೆಲ್ಲರ ಮೂಗಿಗೂ ಲಿಚಿಯೇ ಬಡಿಯುತ್ತದೆ. ಬರೆದಾದ ಮೇಲೆ ಚೀಟಿಗಳನ್ನು ಒಟ್ಟಿಗೆ ಬಿಚ್ಚಿ ಓದುತ್ತೇವೆ. ಒಬ್ಬರಿಗೆ ಮಾತ್ರ ಸಿಕ್ಕ ವಾಸನೆಯನ್ನು ಹುಡುಕಿಕೊಂಡು ಎಲ್ಲರೂ ಮತ್ತೆ ಗ್ಲಾಸಿಗೆ ಮೂಗಿಡುತ್ತೇವೆ.