ಹೊಳೆ ದಾರಿ ಬಿಡಿಸಿಕೊಂಡೆವು: ನನ್ನ ಅನುಭವ

ನಮ್ಮೂರಿಂದ ಹೊಳೆಗೆ ಹೋಗುವ, ಬೇಲಿ ಹಾಕಿ ಮುಚ್ಚಿದ್ದ ದಾರಿ ಕೊನೆಗೂ ತೆರೆಯಿತು. ಆಗಲ್ಲ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ. ಪಹಣಿ ಅಂದರೆ ಹೊಲ ಯಾರದು, ಎಷ್ಟು ಅಂತ ಹೇಳುವ ದಾಖಲೆ, ನಕಾಶೆ ಅಂದರೆ ಊರಿನ ಸರ್ವೆ ನಕ್ಷೆ, ಟಿಪ್ಪಣಿ ಅಂದರೆ ಹೊಲದ ಅಳತೆ ಬರೆದಿಟ್ಟ ಹಳೇ ಸರ್ವೆ ದಾಖಲೆ.

ಊರು ಕೊಪ್ಪಳ ಜಿಲ್ಲೆಯದು, ತುಂಗಭದ್ರೆಯ ಎಡದಂಡೆ. ಊರಿಂದ ಹೊಳೆಗೆ ಮುಕ್ಕಾಲು ಕಿಲೋಮೀಟರ್ ಇರಬಹುದು. ಅದರಲ್ಲಿ ಜಾಸ್ತಿ ಭಾಗ ನಕಾಶೆಯಲ್ಲಿರುವ ಬಂಡಿ ದಾರಿ. ಕೊನೆಯ ಇನ್ನೂರು ಮುನ್ನೂರು ಅಡಿ ಮಾತ್ರ ಪಟ್ಟಾ (ಖಾಸಗಿ) ಜಮೀನಿನ ಬದುವಿನ ಮೇಲಿನ ಕಾಲುದಾರಿ. ಜಮೀನು ಕೊಂಡ ಹೊಸ ಮಾಲೀಕರು ಬಂಡಿ ದಾರಿಯನ್ನು ಗದ್ದೆಗೆ ಸೇರಿಸಿ ಭತ್ತ ಹಚ್ಚಿದರು. ಆಮೇಲೆ ದಂಡೆಗೆ ತಂತಿ ಬೇಲಿ, ಗೇಟು, ಬೀಗ. ಎಮ್ಮೆಗಳು, ತೆಪ್ಪದವರು, ಬಟ್ಟೆ ಒಗೆಯುವ ಹೆಣ್ಣುಮಕ್ಕಳು ಎಲ್ಲರೂ ಪಕ್ಕದೂರು ಸುತ್ತಿಕೊಂಡು ಹೋಗಬೇಕಾಯಿತು.

ಮೊದಲು ಮಾಡಿದ್ದೆಲ್ಲ ನೀರಲ್ಲಿ ಹೋಮ. ಪಂಚಾಯಿತಿಯಲ್ಲಿ ಠರಾವು ಆಯಿತು, ಫೈಲಲ್ಲಿ ಕೂತಿತು. ಹುಡುಗರು ಒಂದು ರಾತ್ರಿ ತಂತಿ ಕಿತ್ತರು. ಕೇಸು ಬಿತ್ತು, ಜಾಮೀನಿಗೇ ಹದಿನೈದು ಸಾವಿರದ ಹತ್ತಿರ ಹೋಯಿತು. ಒಬ್ಬ ವಕೀಲರು ನದಿಯಂಥವು ಎಲ್ಲರವು, ಸರ್ಕಾರ ಬರೀ ಕಾವಲುಗಾರ ಅನ್ನುವ, ಬಿಯಾಸ್ ನದಿಯ 1996ರ ಸುಪ್ರೀಂ ಕೋರ್ಟ್ ತೀರ್ಪು ಹಿಡಿದು, ದಾವೆ ಹಾಕೋಣ, ಮುಂಗಡ ನಲವತ್ತು ಸಾವಿರ ಅಂದರು. ತೀರ್ಪು ಒಳ್ಳೆಯದೇ, ಭಾಷಣಕ್ಕೆ ಬರುತ್ತದೆ. ಆದರೆ ತಾಲ್ಲೂಕು ಕಚೇರಿಯಲ್ಲಿ ಎಲ್ಲರ ಕಣ್ಣು ನಕಾಶೆ ಮೇಲೇ ಇರುತ್ತದೆ. ಮಂಗಳೂರಲ್ಲಿ ದುಡಿಯುವ ನಮ್ಮೂರ ಹುಡುಗ ಸಿಆರ್‌ಝಡ್ ಅಂದ. ಅದು ಕರಾವಳಿ ನಿಯಂತ್ರಣ ವಲಯದ ನಿಯಮ, ಸಮುದ್ರಕ್ಕೆ, ಭರತ ಇಳಿತ ಇರುವ ನೀರಿಗೆ. ನಮ್ಮ ಹೊಳೆಗೆ ಅದು ಬರಲ್ಲ. ವಿರೂಪಾಪುರ ಗಡ್ಡೆಯಲ್ಲಿ 2020ರಲ್ಲಿ ರೆಸಾರ್ಟ್‌ಗಳನ್ನು ಬೀಳಿಸಿದರಲ್ಲ, ಇಲ್ಲೂ ಹಾಗೇ ಮಾಡಿಸೋಣ ಅಂದವರೂ ಇದ್ದರು. ಅದು ಹಂಪಿಯ ಸಂರಕ್ಷಿತ ಪ್ರದೇಶದ ವಿಷಯ. ನಮ್ಮದು ದಾರಿ ಜಗಳ.

ಹೊಳೆ ಯಾರದು ಅನ್ನುವ ವಾದಕ್ಕೆ ಇಳಿಯಲೇಬೇಡಿ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ನದಿ, ನದಿ ಪಾತ್ರ, ಸಾರ್ವಜನಿಕ ದಾರಿ ಎಲ್ಲ ಸರ್ಕಾರದ್ದು, ಬೇರೆಯವರದು ಅಂತ ಸಾಬೀತಾಗದ ಹೊರತು. ನಮ್ಮ ಮಾಲೀಕರೂ ಇದನ್ನು ಒಪ್ಪುತ್ತಿದ್ದರು. "ಹೊಳಿ ನಿಮ್ದೇ ಐತಿ, ಹೋಗ್ರಿ. ನನ್ನ ಹೊಲದಾಗ ಕಾಲಿಡಬ್ಯಾಡ್ರಿ" ಅನ್ನುತ್ತಿದ್ದರು. ಹೊಲಕ್ಕೆ ಕಾಲಿಡದೆ ಹೊಳೆಗೆ ಹೋಗೋಕೆ ಹಕ್ಕಿಯಾಗಬೇಕು.

ಅದಕ್ಕೇ ದಾರಿಯನ್ನು ಎರಡು ತುಂಡು ಮಾಡಿಕೊಂಡೆ. ನಕಾಶೆಯಲ್ಲಿರುವುದು ಒಂದು, ಇಲ್ಲದ್ದು ಒಂದು. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಎರಡೂ ಕೆಡುತ್ತವೆ.

ಮೊದಲನೆಯದಕ್ಕೆ ಅಳತೆ ಬೇಕು. ಹದ್ದುಬಸ್ತು ಅರ್ಜಿಯನ್ನು, ಅಂದರೆ ಹೊಲದ ಗಡಿ ಅಳೆದು ಗುರುತಿಸಿ ಕೊಡಿ ಅನ್ನುವ ಅರ್ಜಿಯನ್ನು, ಪಹಣಿದಾರರೇ ಕೊಡಬೇಕು. ಆ ಮಾಲೀಕರು ಯಾಕೆ ಕೊಡುತ್ತಾರೆ? ದಾರಿಯ ಈಚೆ ಬದಿಗೆ ನಮ್ಮ ಸೋದರಮಾವನ ಹೊಲ ಇದೆ. ಅವರಿಂದ ಅವರದ್ದೇ ಸರ್ವೆ ನಂಬರಿಗೆ ಅರ್ಜಿ ಹಾಕಿಸಿದೆ. ಮಾವನ ಹೊಲ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ದಾರಿ ಶುರು, ಅಲ್ವಾ? "ತಮ್ಮಾ, ನಮ್ಮ ಹೊಲ ಅಳಸಿದ್ರ ಅವರ ಗೇಟು ಹೆಂಗ ತೆರೀತೈತಿ?" ಅಂತ ಮಾವನೇ ನಕ್ಕರು. ಬಾಜುದಾರರಿಗೆಲ್ಲ ನೋಟಿಸ್ ಹೋಯಿತು, ಮಾಲೀಕರಿಗೂ.

ಟಿಪ್ಪಣಿ ಪ್ರಕಾರ ಗಡಿ ಕಲ್ಲು ಇರಬೇಕಾದ ಜಾಗದಲ್ಲಿ ಜಾಲಿಯ ಬೊಡ್ಡೆ ಇತ್ತು. ಕಡಿದು ಮೊಣಕಾಲುದ್ದ ಅಗೆದ ಮೇಲೆ ಹಾರೆ ಟಣ್ ಅಂತು. ಎರೆಮಣ್ಣು ಮೆತ್ತಿದ ಕಲ್ಲು. ತಲೆ ಮುರಿದಿತ್ತು, ಬುಡ ಅಲುಗಿರಲಿಲ್ಲ. ಎಲ್ಲರ ಎದುರಿಗೆ ಪಂಚನಾಮೆ ಆಯಿತು. ಅಲ್ಲಿಂದ ಸರಪಳಿ ಎಳೆದರೆ ಮಾವನ ಹೊಲದ ಗೆರೆ ಭತ್ತದ ಸಾಲಿನೊಳಗೆ ಹೋಗಿ ನಿಂತಿತು. ಗೆರೆಯಾಚೆಗಿನ ಪಟ್ಟಿ ಮಾಲೀಕರ ಪಹಣಿಯಲ್ಲೇ ಬಿ ಖರಾಬು ಅಂತ ಇದೆ, ಆರೇಳು ಗುಂಟೆ. ಖರಾಬು ಅಂದರೆ ಕೆಟ್ಟ ನೆಲ, ನಾನು ರಿಪೇರಿ ಮಾಡಿಕೊಂಡೆ ಅಂತ ಅವರು ವಾದಿಸಿದರು. ಎ ಖರಾಬು, ಅಂದರೆ ಬರೀ ಸಾಗುವಳಿಗೆ ಬಾರದ ನೆಲ ಆಗಿದ್ದರೆ ಆ ಮಾತು ನಡೆಯುತ್ತಿತ್ತು. ಬಿ ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ್ದು.

ಜೊತೆಗೆ ಅವರದ್ದೇ ಖರೀದಿ ಪತ್ರದ ದೃಢೀಕೃತ ನಕಲು ತೆಗೆಸಿಟ್ಟಿದ್ದೆ. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ಬರೆಯುವ ಜಾಗದಲ್ಲಿ, ಪೂರ್ವಕ್ಕೆ ಬಂಡಿ ದಾರಿ ಅಂತ ಅವರೇ ಸಹಿ ಹಾಕಿದ್ದಾರೆ. ಅದನ್ನು ಯಾವಾಗ ಹೊರಗೆ ತೆಗೆದೆ, ಸರ್ವೆಯವರು ನಮಗೆ ಬೇಕಾದ ದಿನವೇ ಬರುವ ಹಾಗೆ ಏನು ಮಾಡಿದೆ, ಅದನ್ನು ಇಲ್ಲಿ ಬರೆಯಲ್ಲ. ತಪ್ಪು ಕೆಲಸ ಏನಲ್ಲ. ಬರೆದರೆ ಇನ್ನೊಂದು ಸಲ ನಡೆಯಲ್ಲ, ಅಷ್ಟೇ.

ನಡುವೆ ಮೊಬೈಲ್ ಜಿಪಿಎಸ್‌ನಲ್ಲೂ ಅಳೆದು ನೋಡಿದೆ. ನಾಲ್ಕೈದು ಮೀಟರ್ ಅತ್ತಿತ್ತ ತೋರಿಸುತ್ತದೆ. ದಾರಿಯ ಅಗಲವೇ ಅಷ್ಟು! ಗೂಗಲ್ ಅರ್ಥ್‌ನ ಹಳೇ ಚಿತ್ರಗಳು ಪರವಾಗಿಲ್ಲ, ಕಾಲುದಾರಿ ಬಿಳಿ ಗೆರೆಯಾಗಿ ಕಾಣುತ್ತದೆ. ಕಲರ್ ಪ್ರಿಂಟಿಗೆ ಮುನ್ನೂರು ಚಿಲ್ಲರೆ. 2009ರ ಪ್ರವಾಹದಲ್ಲಿ ದಂಡೆ ಎಷ್ಟು ಕೊರೆದಿದೆ ಅಂತಲೂ ನೋಡುತ್ತಾ ಕೂತು ಒಂದು ವಾರ ಕಳೆದೆ. ಕೇಸಿಗೆ ಬೇಕಾಗಲಿಲ್ಲ.

ಎರಡನೇ ತುಂಡು ಕಷ್ಟದ್ದು. ಅದು ನಿಜವಾಗಿಯೂ ಅವರ ಪಟ್ಟಾ ನೆಲ. 1882ರ ಈಸ್ಮೆಂಟ್ ಕಾಯ್ದೆ (ಬೇರೆಯವರ ನೆಲ ಬಳಸುವ ಹಕ್ಕಿನದು), ಇಪ್ಪತ್ತು ವರ್ಷ ಓಡಾಡಿದ್ದೇವೆ ಅಂತ ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಹೊಲದಿಂದ ಹೊಲಕ್ಕೆ ಹೋಗುವ ಹಕ್ಕಿಗೆ. ಇಡೀ ಊರಿನ ರೂಢಿಗೆ ಅದೇ ಕಾಯ್ದೆಯ 18ನೇ ಕಲಂ ನೋಡಬೇಕು. ಅದಕ್ಕೂ ಸಿವಿಲ್ ಕೋರ್ಟೇ. ನಾನು ಹಿಡಿದದ್ದು ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 147ನೇ ಕಲಂ, ಈಗ ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 166. ನೆಲ, ನೀರು ಬಳಸುವ ಹಕ್ಕಿನ ಜಗಳದಿಂದ ಶಾಂತಿ ಕೆಡುವ ಹಾಗಿದ್ದರೆ ತಾಲ್ಲೂಕು ದಂಡಾಧಿಕಾರಿ (ತಹಶೀಲ್ದಾರರು) ನೋಡಬಹುದು. ತಂತಿ ಕಿತ್ತ ಹುಡುಗರ ಮೇಲಿನ ಆ ಕೇಸು, ಶಾಂತಿ ಕೆಡುತ್ತದೆ ಅನ್ನೋದಕ್ಕೆ ಸಾಕ್ಷಿಯಾಗಿ ಇಲ್ಲಿ ಕೆಲಸಕ್ಕೆ ಬಂತು ನೋಡಿ!

ಇದರಲ್ಲಿ ಒಂದು ಗಂಟಿದೆ. ವರ್ಷವಿಡೀ ಬಳಸುವ ಹಕ್ಕಾದರೆ, ದಂಡಾಧಿಕಾರಿಗೆ ದೂರು ಮುಟ್ಟುವ ಹಿಂದಿನ ಮೂರು ತಿಂಗಳೊಳಗೆ ಬಳಸಿರಬೇಕು. ಗೇಟು ಬಿದ್ದು ಆಗಲೇ ಆರೇಳು ತಿಂಗಳಾಗಿತ್ತು. ಆದರೆ ಕೆಲವು ಕಾಲಕ್ಕೆ ಮಾತ್ರ ಬಳಸುವ ಹಕ್ಕಾದರೆ, ಹಿಂದಿನ ಅದೇ ಕಾಲದಲ್ಲಿ ಬಳಸಿದ್ದರೆ ಸಾಕು. ಮೊಹರಂ ಕಡೇ ದಿನ ಅಲಾಯಿ ದೇವರು (ಮೆರವಣಿಗೆಯ ಪಂಜಾಗಳು) ಹೊಳೆಗೆ ಹೋದ ವಿಡಿಯೋ ಹುಡುಗರ ಫೋನಲ್ಲೇ ಇತ್ತು, ತಾರೀಕು ಸಮೇತ. ಬೇಲಿ ಬಿದ್ದದ್ದು ಆಮೇಲೆ. ದೇವರ ದಾರಿ ಗಟ್ಟಿಯಾಯಿತು.

ದಿನದ ಓಡಾಟ ಉಳಿಯಿತು. ಅದಕ್ಕೆ ಮಾಲೀಕರ ಜೊತೆಗೇ ಕೂತೆವು. ಅವರ ಚಿಂತೆ ಎಮ್ಮೆ ಅಲ್ಲ, ಹೊಳೆ ಮೋಟರಿನ ಕೇಬಲ್ ಕಳ್ಳತನ. ಎರಡು ಸಲ ತಾಮ್ರ ಹೋಗಿತ್ತಂತೆ. ಬೇಲಿ ಮೋಟರಿನ ಸುತ್ತ ಬರಲಿ, ದಾರಿಗೆ ಒಂದು ಎಮ್ಮೆ ಹಿಡಿಯುವಷ್ಟು ಸಂದು ಇರಲಿ, ಟ್ರ್ಯಾಕ್ಟರ್ ಇಲ್ಲ, ಬೇಲಿ ಸರಿಸುವ ಖರ್ಚು ಊರಿನದು ಅಂತ ಒಪ್ಪಂದ ಬರೆದು ದಂಡಾಧಿಕಾರಿ ಮುಂದೆ ಇಟ್ಟೆವು. ಕಲ್ಲು, ತಂತಿ, ಕೂಲಿ ಸೇರಿ ಹದಿನೆಂಟು ಸಾವಿರ. ಜಾಮೀನು, ಅಳತೆ, ನಕಲು, ಅರ್ಜಿಯ ವಕೀಲರು, ಚಹಾ, ಡೀಸೆಲ್ ಎಲ್ಲಾ ಕೂಡಿಸಿದರೆ ಅರವತ್ತೈದು ಸಾವಿರದ ಆಸುಪಾಸು. ಮನೆಗೆ ಇನ್ನೂರರಂತೆ ಎತ್ತಿದ್ದು ಮುಕ್ಕಾಲಿಗೆ ಬಂತು. ಉಳಿದದ್ದು ನನ್ನ ಭತ್ತದ ದುಡ್ಡು, ಇನ್ನೂ ಬಂದಿಲ್ಲ.

ಹೊಳೆಯಾಚೆ ಬಳ್ಳಾರಿ ಕಡೆಯವರೂ ಕೇಳುತ್ತಿದ್ದಾರೆ. ನಿಮ್ಮ ಹಳೇ ದಾಖಲೆ ಮದ್ರಾಸ್ ಪದ್ಧತಿಯವು, ಸೆಂಟ್ಸ್ (ಎಕರೆಯ ನೂರನೇ ಭಾಗ) ಲೆಕ್ಕದವು. ನಮ್ಮವು ನಿಜಾಮರ ಕಾಲದವು, ಉರ್ದು ಓದಲು ನಿವೃತ್ತ ಮೇಷ್ಟ್ರೊಬ್ಬರನ್ನು ಹುಡುಕಬೇಕಾಯಿತು. ನೀವು ಅರ್ಜಿ ಬರೆಯುವ ಮೊದಲು ಆ ಹಳೇ ಸರ್ವೆ ನಕ್ಷೆಯ ನಕಲು ತೆಗೆಸಿಕೊಳ್ಳಿ. ಅದನ್ನು ಹಿಡಿದು ಬಂದರೆ ಕೂತು ನೋಡೋಣ.