ಫೋಟೋದಲ್ಲಿ ಇಲ್ಲದ ದೊಡ್ಡತ್ತೆ

ಹಳೆಯ ಫೋಟೋ ಕೈಗೆ ಸಿಕ್ಕಿದ ಕೂಡಲೇ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಇದು ಯಾರು?’ ಆಯಿಯ, ಅಂದರೆ ನನ್ನ ಅಮ್ಮನ, ಜೊತೆ ಕೂತು ಮನೆಯ ಫೋಟೋಗಳನ್ನು ನೋಡಲು ಶುರು ಮಾಡಿದಾಗ ನಾನೂ ಅದನ್ನೇ ಕೇಳುತ್ತಿದ್ದೆ. ಉತ್ತರ ಬರುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ‘ಅದು ನಿನ್ನ ಸಣ್ಣಜ್ಜ. ಮುಂದಿಂದು ತೋರ್ಸು.’ ಹೆಸರು ನೆನಪಾಗದಿದ್ದರೆ ಇನ್ನೂ ಕಷ್ಟ. ಎಂಬತ್ತು ದಾಟಿದವರನ್ನು ಪರೀಕ್ಷೆಗೆ ಕೂರಿಸಿದ ಹಾಗಾಗಿ ಆಯಿಯ ಮುಖ ಸಣ್ಣದಾಗುತ್ತಿತ್ತು. ಹೈಸ್ಕೂಲಿನಲ್ಲಿ ಪಾಠ ಮಾಡಿಯೇ ನಿವೃತ್ತಳಾದ ನನಗೆ ಆ ಮುಖದ ಗುರುತು ಚೆನ್ನಾಗಿಯೇ ಇತ್ತು.

ಹಾಗಾಗಿ ಜನರನ್ನು ಬಿಟ್ಟು ವಸ್ತುಗಳ ಬಗ್ಗೆ ಕೇಳತೊಡಗಿದೆ. ಅಜ್ಜ ಕೂತಿರುವ ಕೈಕುರ್ಚಿ ತೋರಿಸಿ, ಇದು ಎಲ್ಲಿಂದ ಬಂತು ಅಂದೆ. ‘ಅದು ನಮ್ಮನೆ ಕುರ್ಚಿ ಅಲ್ದೇ, ಶಾನುಭೋಗರ ಮನೆದು. ಫೋಟೋಕ್ಕೆ ಹೇಳಿ ತಂದಿದ್ದು.’ ಅಲ್ಲಿಂದ ಶಾನುಭೋಗರು, ಅವರ ಮನೆಯ ಗಡಿಯಾರ, ಆ ಗಡಿಯಾರ ನೋಡಲು ಹೋಗುತ್ತಿದ್ದ ಮಕ್ಕಳು, ಕುರ್ಚಿ ವಾಪಸು ಹೊತ್ತುಕೊಂಡು ಹೋಗುವಾಗ ಹೊಳೆ ದಂಡೆಯಲ್ಲಿ ಜಾರಿ ಬಿದ್ದ ಆಳು. ಆವತ್ತು ಮಧ್ಯಾಹ್ನ ಒಂದೇ ಫೋಟೋದಲ್ಲಿ ಕಳೆದುಹೋಯಿತು. ಆಮೇಲೆ ನಾನು ಕೇಳಿದ್ದೆಲ್ಲ ಈ ಜಾತಿಯ ಪ್ರಶ್ನೆಗಳೇ. ಈ ಸೀರೆ ಯಾರದ್ದು, ಬಾಗಿಲ ಹಿಂದೆ ಏನಿತ್ತು, ಆವತ್ತು ಊಟಕ್ಕೆ ಏನು ಮಾಡಿದ್ದರು, ಫೋಟೋ ತೆಗೆದವರು ಯಾರು. ಕೊನೆಗೆ, ಸ್ವಲ್ಪ ತಡವಾಗಿ ಹೊಳೆದದ್ದು: ಇದರಲ್ಲಿ ಯಾರು ಇಲ್ಲ?

ಕೂರುವ ಮೊದಲು ಫೋಟೋಗಳನ್ನು ಒಂದು ಹದಕ್ಕೆ ತರಬೇಕಾಯಿತು. ಮಲೆನಾಡಿನ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ. ಗೋಡೆಗೆ ನೇತುಹಾಕಿದ್ದ ಕಟ್ಟಿನ ಫೋಟೋಗಳು ಗಾಜಿಗೇ ಅಂಟಿಕೊಂಡಿದ್ದವು. ಅವನ್ನು ಕೀಳಲು ಹೋಗಬಾರದು. ಫೋಟೋದ ಮೇಲ್ಪದರ ಗಾಜಿನ ಜೊತೆಗೇ ಎದ್ದು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಎಂಬತ್ತರ ದಶಕದ ಅಂಟು ಹಾಳೆಯ ಆಲ್ಬಮ್‌ಗಳು ಇನ್ನೊಂದು ತಲೆನೋವು. ಪ್ಲಾಸ್ಟಿಕ್ ಎತ್ತಿ ಅಂಟಿಸುವ ಆ ಆಲ್ಬಮ್ ಆಗ ದೊಡ್ಡ ಶೋಕಿ. ಅದರ ಅಂಟು ಹಳದಿಯಾಗಿ ಫೋಟೋವನ್ನು ಬಿಡುವುದೇ ಇಲ್ಲ. ಡೆಂಟಲ್ ಫ್ಲಾಸ್ ದಾರವನ್ನು ಫೋಟೋದ ಹಿಂದೆ ತೂರಿಸಿ ನಿಧಾನಕ್ಕೆ ಗರಗಸದಂತೆ ಎಳೆದರೆ ಬಹಳಷ್ಟು ಬಿಟ್ಟುಕೊಳ್ಳುತ್ತವೆ, ಬಿಡದವನ್ನು ಹಾಳೆಯ ಸಮೇತ ಇಟ್ಟುಕೊಳ್ಳುವುದೇ ಲೇಸು. ಕಪ್ಪು ಕಾಗದದ ಹಳೇ ಆಲ್ಬಮ್, ಮೂಲೆಗೆ ಸಿಕ್ಕಿಸಿದ ಸಣ್ಣ ತ್ರಿಕೋನಗಳು, ಇವುಗಳಲ್ಲಿ ಇದ್ದವು ಎಲ್ಲಕ್ಕಿಂತ ಚೆನ್ನಾಗಿ ಉಳಿದಿದ್ದವು.

ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊದ ಮುದ್ರೆ, ಯಾರೋ ಇಟ್ಟ ಲೆಕ್ಕ, ಅರ್ಧ ಅಳಿಸಿದ ವಿಳಾಸ ಎಲ್ಲ ಅಲ್ಲೇ ಇರುತ್ತವೆ. ಕಾಲ ಗುರುತಿಸಲು ಫೋಟೋ ತಾನೇ ಸಾಕಷ್ಟು ಹೇಳುತ್ತದೆ. ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದರೆ ಹೆಚ್ಚಾಗಿ ಐವತ್ತು-ಅರವತ್ತರ ದಶಕದ್ದು. ಕೆಂಪಗೆ ತಿರುಗಿದ ಕಲರ್ ಫೋಟೋ ಎಪ್ಪತ್ತು-ಎಂಬತ್ತರದ್ದಿರಬಹುದು. ಆಗಿನ ಕಾಗದದಲ್ಲಿ ನೀಲಿ-ಹಸಿರು ಬಣ್ಣ ಬೇಗ ಮಾಸಿ ಕೆಂಪು ಉಳಿದುಕೊಳ್ಳುತ್ತಿತ್ತು. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಇದ್ದರೆ ತೊಂಬತ್ತರ ಆಸುಪಾಸು, ಆದರೆ ಆ ತಾರೀಕನ್ನು ನಂಬಬೇಡಿ. ಕ್ಯಾಮೆರಾದ ಗಡಿಯಾರ ಸರಿ ಮಾಡಿಕೊಂಡವರು ನಮ್ಮ ಬಳಗದಲ್ಲಂತೂ ಇರಲಿಲ್ಲ.

ಇವೆಲ್ಲದರ ನಡುವೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಚೌಕದ ಕಪ್ಪು-ಬಿಳುಪು ಫೋಟೋ ಒಂದಿತ್ತು. ಎರಡೂಕಾಲು ಇಂಚಿನ ಚೌಕ ಅಂದರೆ 120 ನಂಬರಿನ ಫಿಲ್ಮ್ ರೋಲಿನಿಂದ, ಹಿಗ್ಗಿಸದೆ, ನೇರವಾಗಿ ಕಾಗದದ ಮೇಲೆ ಒತ್ತಿ ತೆಗೆದ ಪ್ರತಿ. ಒಂದು ರೋಲಿಗೆ ಇಂಥವು ಹನ್ನೆರಡು. ಸಾಗರದ ಸ್ಟುಡಿಯೊದ ಮಿಕ್ಕ ಫೋಟೋಗಳ ಅಳತೆಯೇ ಬೇರೆ, ಅವಕ್ಕೆ ಮುದ್ರೆಯೂ ಇದೆ. ಹಾಗಾದರೆ ಇದನ್ನು ತೆಗೆದವರು ಬೇರೆ ಯಾರೋ. ಆಯಿಗೆ ಗೊತ್ತಿತ್ತು. ಕಾರ್ಗಲ್ ಕಾಲೊನಿಯಿಂದ ಅಳತೆಗೆ ಬರುತ್ತಿದ್ದ ಅಣೆಕಟ್ಟು ಪ್ರಾಜೆಕ್ಟಿನವರೊಬ್ಬರು, ಎದೆಯ ಹತ್ತಿರ ಡಬ್ಬಿ ಹಿಡಿದು ತಲೆ ಬಗ್ಗಿಸಿ ನೋಡಿ ಫೋಟೋ ತೆಗೆಯುತ್ತಿದ್ದರಂತೆ.

ನಮ್ಮದು ಮುಳುಗಡೆ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಏರಿದಾಗ ಹೋದ ಊರುಗಳಲ್ಲಿ ಒಂದು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನಲ್ಲಿ ಮುಳುಗಿತು ಅಂದರೆ ನೀರು ಎಷ್ಟು ಏರಿತೆಂದು ತಿಳಿಯುತ್ತದೆ; ಜಲಾಶಯದ ಪೂರ್ಣ ಮಟ್ಟ ಸಮುದ್ರಕ್ಕಿಂತ 1819 ಅಡಿ. ಈಗಲೂ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಆ ಹಳೆಯ ಕಟ್ಟೆ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನಮ್ಮ ಮನೆ ಮಾತ್ರ ಕಾಣುವುದಿಲ್ಲ. ಗೋಡೆ ಮಣ್ಣಿನದು; ಬಾಗಿಲು, ತೊಲೆ, ಹೆಂಚು ಎಲ್ಲವನ್ನೂ ಅಪ್ಪಯ್ಯ ಬಿಚ್ಚಿ ಲಾರಿಗೆ ಹಾಕಿಸಿದ್ದರು. ಈಗಿನ ಮನೆಯ ಪ್ರಧಾನ ಬಾಗಿಲು ಅದೇ.

ಫೋಟೋ ಊರು ಬಿಡುವುದಕ್ಕೆ ಸ್ವಲ್ಪ ಮೊದಲಿನದು. ಅಂಗಳದಲ್ಲಿ ಮನೆಯವರೆಲ್ಲ ಸಾಲಾಗಿ ನಿಂತಿದ್ದಾರೆ. ಆಯಿಯ ಸೊಂಟದ ಮೇಲೆ ಅಣ್ಣ. ಪಕ್ಕದಲ್ಲಿ ಒಂದು ಎತ್ತು, ಯಾಕೋ. ಎಡಗಡೆ ಕಂಬದ ಹತ್ತಿರ ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು.

‘ನಿನ್ನ ದೊಡ್ಡತ್ತೆ’ ಅಂದಳು ಆಯಿ.

ಅಪ್ಪಯ್ಯನ ಅಕ್ಕ. ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನನ್ನು ಬೆಳೆಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ದು, ಅಪ್ಪೆಹುಳಿ ಮಾಡಲು ಕಲಿಸಿದ್ದು ಅವಳೇ. ಅವಳ ಫೋಟೋ ನಮ್ಮ ಮನೆಯಲ್ಲಿ ಬೇರೆ ಒಂದೂ ಇಲ್ಲ ಎಂಬುದು ನನಗೆ ಹೊಳೆದದ್ದು ಆ ಚೌಕದ ಫೋಟೋ ನೋಡುವಾಗ. ಎಲ್ಲ ಆಲ್ಬಮ್‌ಗಳನ್ನೂ ಮತ್ತೆ ಮಗುಚಿದೆ. ಮದುವೆ, ಉಪನಯನ, ಗೃಹಪ್ರವೇಶ, ಸೀಮಂತ. ನಮ್ಮಲ್ಲಿ ಕ್ಯಾಮೆರಾ ಹೊರಗೆ ಬರುತ್ತಿದ್ದುದೇ ಶುಭಕಾರ್ಯಕ್ಕೆ, ಶುಭಕಾರ್ಯದ ಸಾಲಿನಲ್ಲಿ ವಿಧವೆಯರು ನಿಲ್ಲುತ್ತಿರಲಿಲ್ಲ. ನನ್ನದೇ ಮದುವೆಯ ಆಲ್ಬಮ್‌ನಲ್ಲಿ ಒಂದು ಕಡೆ, ಊಟದ ಪಂಕ್ತಿಯ ಆಚೆ, ಬಾಳೆಲೆ ಒರೆಸುತ್ತಿರುವ ಒಂದು ಬೆನ್ನು ಕಾಣುತ್ತದೆ. ಅದು ಅವಳ ಬೆನ್ನು. ನನಗಾಗ ಇಪ್ಪತ್ತನಾಲ್ಕು, ಬಿ.ಎಡ್. ಮುಗಿಸಿದವಳು, ಸ್ತ್ರೀ ಸಮಾನತೆ ಬಗ್ಗೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದವಳು. ‘ದೊಡ್ಡತ್ತೇ ಬಾ, ಇಲ್ಲಿ ನಿಂತ್ಕೋ’ ಅನ್ನಲು ಒಂದು ಕ್ಷಣ ಸಾಕಿತ್ತು.

ಹಾಗಾದರೆ ಮುಳುಗಡೆಯ ಆ ಫೋಟೋದಲ್ಲಿ ಅವಳು ಹೇಗೆ ನಿಂತಳು? ಆಯಿಯನ್ನು ಕೇಳಿದೆ.

‘ಶುಭ ಅಶುಭ ನೋಡಲೆ ಯಾರಿಗೆ ಪುರುಸೊತ್ತಿತ್ತು? ಮನೆಯೇ ಮುಳುಗ್ತಾ ಇತ್ತು.’

ಇಷ್ಟು ಹೇಳಿ ಆಯಿ ಎದ್ದು ಒಳಗೆ ಹೋದಳು. ಎರಡು ದಿನ ಫೋಟೋ ಸುದ್ದಿ ತೆಗೆಯಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಇದನ್ನು ಮಾಡಲು ಹೊರಟವರಿಗೆ ನಾನು ಖಂಡಿತವಾಗಿ ಹೇಳುವ ಮಾತು ಇದು: ಒಂದು ಸಲಕ್ಕೆ ಮೂರು ನಾಲ್ಕು ಫೋಟೋಗಿಂತ ಹೆಚ್ಚು ಬೇಡ, ಹಿರಿಯರು ಎದ್ದು ಹೋದರೆ ಹೋಗಲು ಬಿಡಿ. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಷ್ಟು ಹಿಂದೆಯೇ ಬರೆದಿದ್ದರು, ವಯಸ್ಸಾದವರು ಹಳೆಯದನ್ನು ಮೆಲುಕು ಹಾಕುವುದು ಅರಳುಮರುಳಲ್ಲ, ಬಾಳಿನ ಲೆಕ್ಕಾಚಾರ ಎಂದು. ಆ ಲೆಕ್ಕಾಚಾರದಿಂದ ನೆಮ್ಮದಿ ಸಿಗಬಹುದು, ಪಶ್ಚಾತ್ತಾಪವೂ ಕೆದಕಿ ಬರಬಹುದು ಎಂದೂ ಅವರು ಎಚ್ಚರಿಸಿದ್ದರು. ಆಯಿಯ ಮಾತಿನಲ್ಲಿ ನನಗೆ ಎರಡೂ ಕಂಡವು.

ಮೂರನೇ ದಿನ ಅವಳೇ ಶುರು ಮಾಡಿದಳು. ನನ್ನ ಮದುವೆಯಲ್ಲಿ ದೊಡ್ಡತ್ತೆಯನ್ನು ಫೋಟೋಕ್ಕೆ ‘ನಾ ಕರದಿದ್ದಿ. ಅವು ಬರ್ಲಿಲ್ಲೆ.’ ನಾನು ಸಣ್ಣವಳಿದ್ದಾಗಿನಿಂದ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ: ದೊಡ್ಡತ್ತೆಯನ್ನು ಅಡುಗೆಮನೆಗೆ ಕಟ್ಟಿಹಾಕಿದ್ದು ಆಯಿ ಎಂದು. ಈ ಒಂದು ಗಂಟಿನಿಂದ ಎಷ್ಟೋ ವರ್ಷ ನಮ್ಮಿಬ್ಬರ ನಡುವೆ ಮಾತು ಸಲೀಸಾಗಿರಲಿಲ್ಲ. ಆಯಿ ಈಗ ಹೇಳುತ್ತಿರುವುದು ಬೇರೆ. ಹದಿನೆಂಟಕ್ಕೆ ಸೊಸೆಯಾಗಿ ಬಂದವಳಿಗೆ ಆ ಮನೆಯಲ್ಲಿ ದನಿಯೇ ಇರಲಿಲ್ಲ. ಬೀಗದಕೈ ಇದ್ದದ್ದು ದೊಡ್ಡತ್ತೆಯ ಹತ್ತಿರ. ಸಕ್ಕರೆ ಬೇಕಾದರೂ ಅವಳನ್ನೇ ಕೇಳಬೇಕಿತ್ತು. ಇದು ನಿಜವೋ, ಕಾಲ ತಿಕ್ಕಿ ನುಣುಪು ಮಾಡಿದ ನೆನಪೋ? ತೀರ್ಪು ಕೊಡುವ ಕೆಲಸ ನಾನು ಬಿಟ್ಟೆ. ಅವಳು ಹೇಳಿದ್ದನ್ನು ಅವಳು ಹೇಳಿದ್ದೆಂದೇ ಬರೆದಿಟ್ಟೆ. ಈಗ ಮಾತು ಸಲೀಸಾಗಿದೆ. ಜಗಳವೂ ಸಲೀಸಾಗಿದೆ.

ನೆನಪನ್ನು ಪೂರ್ತಿ ನಂಬದಿರಲು ನನಗೆ ನನ್ನದೇ ಕಾರಣವಿದೆ. ನನ್ನ ಮೊಟ್ಟಮೊದಲ ನೆನಪು ಜಗುಲಿಯ ಉಯ್ಯಾಲೆಯಲ್ಲಿ ಕೂತು ನಗುವುದು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದವಳು ನಾನು. ಆಲ್ಬಮ್‌ನಲ್ಲಿ ಅದೇ ಉಯ್ಯಾಲೆಯ ಫೋಟೋ ಸಿಕ್ಕಿತು. ನೋಡಿ ಒಂದು ಸಂಶಯ ಹುಟ್ಟಿತು. ನನ್ನ ನೆನಪಿನಲ್ಲಿ ನಾನು ಉಯ್ಯಾಲೆಯಿಂದ ಹೊರಗೆ ನೋಡುತ್ತಿಲ್ಲ. ಎದುರಿನಿಂದ ನನ್ನನ್ನೇ ನೋಡುತ್ತಿದ್ದೇನೆ, ಕ್ಯಾಮೆರಾ ಇದ್ದ ಜಾಗದಿಂದ! ಲಂಗದ ಬಣ್ಣವೂ ನೆನಪಿನಲ್ಲಿ ಬೂದು. ಆಯಿ ಹೇಳುವಂತೆ ಅದು ಗಿಳಿಹಸಿರು. ನ್ಯೂಜಿಲೆಂಡಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಾಲ್ಯದಲ್ಲಿ ಬಿಸಿಗಾಳಿ ಬಲೂನು ಹತ್ತಿಯೇ ಇರದ 20 ಜನರಿಗೆ, ಹತ್ತಿದಂತೆ ತಿದ್ದಿದ ಫೋಟೋ ತೋರಿಸಿದರು. ಕೆಲವು ಸಲ ಮಾತಾಡಿಸುವಷ್ಟರಲ್ಲಿ ಅರ್ಧದಷ್ಟು ಜನಕ್ಕೆ ಆ ಪ್ರಯಾಣ ಅಷ್ಟೋ ಇಷ್ಟೋ ‘ನೆನಪಾಗಿತ್ತು’. ನನ್ನ ಫೋಟೋ ತಿದ್ದಿದ್ದಲ್ಲ, ಆದರೂ ನೆನಪು ಅದರಿಂದಲೇ ಹುಟ್ಟಿದ್ದು.

ಅಣ್ಣನಿಗೆ ಇದನ್ನು ಹೇಳಿದರೆ ಕೋಪ ಬರುತ್ತದೆ. ಊರು ಬಿಟ್ಟ ದಿನ ಲಾರಿಯಲ್ಲಿ ಕೂತು ಅತ್ತದ್ದು ತನಗೆ ನೆನಪಿದೆ ಎಂಬುದು ಅವನ ಹಟ. ಆಗ ಅವನಿಗೆ ವರ್ಷ ಒಂದೂವರೆ. ಮೂರು ವರ್ಷಕ್ಕೆ ಮೊದಲಿನದು ಸಾಮಾನ್ಯವಾಗಿ ಯಾರಿಗೂ ಉಳಿಯುವುದಿಲ್ಲ ಮಾರಾಯ ಅಂದರೆ, ‘ನಿಂಗೆಂತ ಗೊತ್ತಿದ್ದು, ನೀನು ಹುಟ್ಟೇ ಇರ್ಲಿಲ್ಲೆ’ ಅನ್ನುತ್ತಾನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಂಬದ ಹತ್ತಿರದ ಹೆಂಗಸು ದೊಡ್ಡತ್ತೆಯೇ ಅಲ್ಲ, ಕೆಲಸಕ್ಕೆ ಬರುತ್ತಿದ್ದವಳು ಎಂಬುದೂ ಅವನದೇ ವಾದ. ಇದನ್ನು ಮಾತ್ರ ಪರೀಕ್ಷಿಸಬಹುದಿತ್ತು. ಒತ್ತು ಪ್ರತಿಯಲ್ಲಿ ಹಿಗ್ಗಿಸುವಾಗ ಆಗುವ ಮಸುಕು ಇರುವುದಿಲ್ಲ, ಹಾಗಾಗಿ ಚಿಕ್ಕದಾದರೂ ವಿವರ ಬಹಳ. ಬೇರೆ ಫೋಟೋಗಳಿಗೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕೆಂದುಕೊಂಡಿದ್ದೆ. ಇದನ್ನು 1200ರಲ್ಲಿ ಸ್ಕ್ಯಾನ್ ಮಾಡಿ ದೊಡ್ಡ ಪರದೆಗೆ ಹಾಕಿದೆ. ಮುಖ ಸೆರಗಿನ ನೆರಳಿನಲ್ಲಿದೆ. ಕಂಬ ಹಿಡಿದ ಕೈ ಮಾತ್ರ ಬಿಸಿಲಿಗೆ ಬಂದಿದೆ. ಆ ಕೈಯಲ್ಲಿ ಬಳೆ ಇಲ್ಲ. ಅಣ್ಣ ಬಹಳ ಹೊತ್ತು ನೋಡಿದ, ‘ಆಗ್ಲಿ ಬಿಡು’ ಅಂದ.

ಈಗ ಪ್ರತಿ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಮಾತ್ರ ಬರೆಯುತ್ತೇನೆ. ಬಾಲ್‌ಪೆನ್ ಒತ್ತಿದರೆ ಮುಂದೆ ಗೀರು ಮೂಡುತ್ತದೆ. ವಿವರವೆಲ್ಲ ನೋಟ್‌ಬುಕ್ಕಿಗೆ. ಯಾರು ಹೇಳಿದ್ದು ಎಂಬುದಕ್ಕೆ ಒಂದು ಕಾಲಂ ಇದೆ, ಆಯಿಯದ್ದೂ ಅಣ್ಣನದ್ದೂ ಬೇರೆ ಬೇರೆ ಇದ್ದರೆ ಎರಡನ್ನೂ ಬರೆಯುತ್ತೇನೆ. ಮಾತು ಫೋನಿನಲ್ಲಿ ರೆಕಾರ್ಡ್ ಆಗುತ್ತಿದೆ ಎಂದು ಆಯಿಗೆ ಮೊದಲೇ ಹೇಳಿರುತ್ತೇನೆ. ‘ಇದನ್ನ ಹಾಕಡ’ ಅಂದ ಸಂಗತಿಗಳನ್ನು ಅಳಿಸಿದ್ದೇನೆ. ಮೂಲ ಫೋಟೋಗಳು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿವೆ. ಪ್ರತಿಗಳು ಅಣ್ಣನ ಮನೆಯಲ್ಲೊಂದು, ನನ್ನ ಮಗಳ ಹತ್ತಿರ ಒಂದು.

ದೊಡ್ಡತ್ತೆಯ ಚಿತ್ರವನ್ನು ಮಾತ್ರ ಬೇರೆಯಾಗಿ ಕತ್ತರಿಸಿ ದೊಡ್ಡದು ಮಾಡಿಸೋಣ ಎಂದು ಮಗಳು ಹೇಳಿದಳು. ನಾನು ಒಪ್ಪಲಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತ ಒಂದೇ ಫೋಟೋ ಅದು. ಸಾಲಿನಿಂದ ಅವಳನ್ನು ಮತ್ತೆ ಬೇರೆ ಮಾಡುವುದು ಬೇಡ ಅನ್ನಿಸಿತು. ಇಡೀ ಫೋಟೋವನ್ನೇ ಹಿಗ್ಗಿಸಿ ಜಗುಲಿಯಲ್ಲಿ ಹಾಕಿದ್ದೇವೆ, ಗಾಜಿಗೂ ಫೋಟೋಕ್ಕೂ ನಡುವೆ ರಟ್ಟಿನ ಅಂತರ ಕೊಟ್ಟು.

ಅದನ್ನೇ ಮುಳುಗಡೆ ಊರುಗಳವರ ವಾಟ್ಸಾಪ್ ಗುಂಪಿಗೂ ಹಾಕಿದೆ. ನಮ್ಮವರು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ಅಂತ ಚೆದುರಿ ಹೋದವರು. ಯಾರಾದರೂ ಆ ಪ್ರಾಜೆಕ್ಟಿನವರ ಹೆಸರು ಹೇಳಿಯಾರು ಎಂಬ ಆಸೆ. ಹೆಸರು ಇನ್ನೂ ಸಿಕ್ಕಿಲ್ಲ. ಹೊಸನಗರದ ಕಡೆಯ ಹಿರಿಯರೊಬ್ಬರು ಮಾತ್ರ ಅರ್ಧ ಗಂಟೆಯೊಳಗೆ ಫೋನ್ ಮಾಡಿ, ಆ ಎತ್ತು ತಮ್ಮ ಮನೆಯದ್ದು, ಸಾಮಾನು ಸಾಗಿಸಲು ಕೊಟ್ಟದ್ದನ್ನು ನಿಮ್ಮಜ್ಜ ವಾಪಸು ಕಳಿಸಲೇ ಇಲ್ಲ ಅಂದರು. ಆಯಿಯನ್ನು ಕೇಳಿದರೆ, ಕಳಿಸಿದ್ದಾಗಿದೆ, ಹಗ್ಗದ ಸಮೇತ, ಅನ್ನುತ್ತಾಳೆ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿದ್ದೇನೆ.