ಎರಡು ಆನೆ, ಎದುರಿಗೆ ರಾಣಿ: ಮೂಲೆ ಮನೆಯ ಲೆಕ್ಕ

ಚೆಸ್‌ನ ಒಂದು ಅಂತ್ಯಾಟ, ಅಂದರೆ ಕಾಯಿಗಳು ಕಡಿಮೆ ಉಳಿದ ಕೊನೆಯ ಹಂತ. ಮನೆಯ ಹೆಸರಿನಲ್ಲಿ ಅಕ್ಷರ ನೇರಸಾಲು, ಅಂಕೆ ಅಡ್ಡಸಾಲು. ಬಿಳಿ: ರಾಜ ಬಿ8, ಆನೆಗಳು (ರೂಕ್) ಎ7, ಬಿ7. ಕಪ್ಪು: ರಾಜ ಎಚ್8, ರಾಣಿ ಇ5, ಕಾಲಾಳು ಸಿ6. ಬಿಳಿ ರಾಜನಿಗೆ ಚೆಕ್ ಬಿದ್ದಿದೆ, ನಡೆ ಬಿಳಿಯದು. ಬಿಳಿ ಗೆಲ್ಲಬೇಕು.

ಈ ಸ್ಥಿತಿಯನ್ನು ಶಿರಸಿ, ಕುಮಟಾ, ಕಾರವಾರದ ಆಟಗಾರರ ಮುಂದೆ ಇಟ್ಟಾಗ ಹೆಚ್ಚಿನವರು ಬೋರ್ಡ್ ನೋಡಿ ಮುಗಿಸುವ ಮೊದಲೇ ಹೇಳಿದ್ದು ಡ್ರಾ ಅಂತ. ರಾಣಿ ಬಯಲಲ್ಲಿದೆ, ಚೆಕ್ ಕೊಡುತ್ತಲೇ ಇರುತ್ತದೆ, ಆನೆಗಳು ಎಲ್ಲಿಂದ ಅಡ್ಡ ಬರಬೇಕು ಮಾರಾಯ, ಎಂಬ ವಾದ. ಗೆಲುವಿದೆ ಎಂದು ನಾನು ಹೇಳಿದ್ದನ್ನು ಯಾರೂ ಒಪ್ಪಲಿಲ್ಲ. ಈಗ ಎಲ್ಲ ಕವಲುಗಳನ್ನೂ ಬರೆದು ತೋರಿಸಿದ ಮೇಲೆ ವಾದ ನಿಂತಿದೆ. ಆನೆ-ರಾಣಿ ಅಂತ್ಯಾಟದ ಮೂಲಪಾಠ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಐದು ಪ್ಲಸ್ ಐದು ಹತ್ತು, ರಾಣಿಗೆ ಒಂಬತ್ತು ಎಂಬ ಲೆಕ್ಕವನ್ನು ಮತ್ತೆ ಹೇಳುವುದಿಲ್ಲ. ಆ ಲೆಕ್ಕದಿಂದ ಇಲ್ಲಿ ಏನೂ ಬಗೆಹರಿಯುವುದಿಲ್ಲ.

ಕೆಲಸ ಕೆಡುವುದು ಎಲ್ಲಿ ಎಂದರೆ, ಎಲ್ಲರೂ ಮೊದಲು ಆನೆಯ ನಡೆ ಹುಡುಕುತ್ತಾರೆ. ಆನೆ ಸಿ7 ಎಂದು ಅಡ್ಡ ಇಟ್ಟರೆ ರಾಣಿ ಬಿ5ನಿಂದ ಚೆಕ್. ಆನೆಯನ್ನು ಬಿ7ಗೆ ವಾಪಸ್ ತಂದರೆ ರಾಣಿ ಮತ್ತೆ ಇ5. ಬೋರ್ಡ್ ಮೊದಲಿದ್ದಲ್ಲಿಗೇ ಬಂತು, ಮೂರಾವರ್ತಿಯ (ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ) ಎಣಿಕೆ ಮಾತ್ರ ಒಂದು ಮೆಟ್ಟಿಲು ಏರಿತು. ಎರಡನೆಯ ಚಟ, ರಾಜನನ್ನು ನಡುಬೋರ್ಡಿನ ಕಡೆ ಓಡಿಸುವುದು. ರಾಜ ಸಿ8 ಆಡಿ ನೋಡಿ: ರಾಣಿ ಇ8 ಚೆಕ್, ರಾಜನಿಗೆ ಉಳಿಯುವುದು ಸಿ7 ಒಂದೇ. ಅಲ್ಲಿಗೆ ಬಂದ ಕೂಡಲೇ ಅವನು ತನ್ನ ಆನೆಗಳ ದಾರಿಯನ್ನೇ ಮುಚ್ಚುತ್ತಾನೆ. 7ನೇ ಅಡ್ಡಸಾಲಿನ ಹಿಡಿತ ತಪ್ಪಿ ಕಪ್ಪು ರಾಜನಿಗೆ ಜಿ7, ಎಚ್7 ತೆರೆದುಕೊಳ್ಳುತ್ತವೆ. ರಾಣಿಗೆ ಚೆಕ್ಕಿನ ಬರವೂ ಇಲ್ಲ. ‘ಮೂಲೆಗೆ ಹೋದ ರಾಜ ಸತ್ತ’ ಎಂದು ಚಿಕ್ಕಂದಿನಲ್ಲಿ ಕಲಿಸಿದ್ದು ಇಲ್ಲಿ ಕಣ್ಣಿಗೆ ಪಟ್ಟಿ ಕಟ್ಟುತ್ತದೆ.

ನನ್ನ ಕ್ರಮ ಬೇರೆ. ಆನೆಗಳನ್ನು ಮುಟ್ಟದೆ, ರಾಣಿ ಯಾವ ಯಾವ ಮನೆಯಿಂದ ಚೆಕ್ ಕೊಡಬಲ್ಲದೋ ಆ ಮನೆಗಳ ಮೇಲೆಲ್ಲ ಒಂದೊಂದು ಅಡಿಕೆ ಹೋಳು ಇಡುವುದು. ನಾಣ್ಯ ಬೇಡ, ರೆಕ್ಸಿನ್ ಬೋರ್ಡಿನ ಮೇಲೆ ಜಾರುತ್ತದೆ. ಹೋಳಿನ ಚಪ್ಪಟೆ ಬದಿ ಕೆಳಗಾದರೆ ಅಲ್ಲಾಡುವುದಿಲ್ಲ, ಶಿರಸಿ ಸೀಮೆಯಲ್ಲಿ ಅದಕ್ಕೆ ಬರವೂ ಇಲ್ಲ. ನಡುಮನೆಯಲ್ಲಿ ನಿಂತ ರಾಜನಿಗೆ ಎಂಟು ದಿಕ್ಕಿನಿಂದ ಚೆಕ್ ಬರಬಹುದು, ಅಂಚಿನಲ್ಲಿ ಐದು, ಮೂಲೆಯಲ್ಲಿ ಮೂರೇ. ಬಿ8ರಲ್ಲಿರುವ ರಾಜನಿಗೆ ಎ7, ಬಿ7 ಆನೆಗಳು ಎರಡು ದಿಕ್ಕು ಮುಚ್ಚಿವೆ. ಎ8 ಕಡೆಯಿಂದ ಬಂದ ರಾಣಿ ಸುಮ್ಮನೆ ತುತ್ತಾಗುತ್ತದೆ. ಉಳಿದದ್ದು 8ನೇ ಅಡ್ಡಸಾಲಿನ ಐದು ಮನೆ ಮತ್ತು ಸಿ7ರಿಂದ ಎಚ್2ವರೆಗಿನ ಕರ್ಣದ ಆರು ಮನೆ, ಒಟ್ಟು 11 ಹೋಳು. ಈಗ ರಾಜನನ್ನು ಎ8ಕ್ಕೆ ಸರಿಸಿ. ಎ ನೇರಸಾಲನ್ನು ಎ7 ಆನೆ ಮುಚ್ಚಿತು, ಎ8ರಿಂದ ಎಚ್1ವರೆಗಿನ ದೊಡ್ಡ ಕರ್ಣವನ್ನು ಬಿ7 ಆನೆ ಮುಚ್ಚಿತು. ಉಳಿದದ್ದು 8ನೇ ಸಾಲಿನ ಬಿ8ರಿಂದ ಜಿ8ವರೆಗಿನ ಆರು ಮನೆ ಮಾತ್ರ. ಆ ಆರೂ ಮನೆಗಳು ರಾಣಿಗೆ ಸಾವಿನ ಮನೆಗಳೇ. ಕಾರಣ, ಕಪ್ಪು ರಾಜನೂ ಅದೇ ಸಾಲಿನಲ್ಲಿದ್ದಾನೆ.

ಉತ್ತರ: 1. ರಾಜ ಎ8.

ಬೆದರಿಕೆ ಆನೆ ಬಿ8. ಎ7 ಆನೆ 7ನೇ ಸಾಲನ್ನು ಕತ್ತರಿಸಿರುವುದರಿಂದ, ರಾಣಿ ಬಿ8 ಹೊಡೆಯದಿದ್ದರೆ ಅಥವಾ ಅಡ್ಡ ಬರದಿದ್ದರೆ ಅದು ಮೇಟ್. ಕಪ್ಪಿನ ಒಂದೊಂದು ಉತ್ತರವನ್ನೂ ನೋಡೋಣ, ಇಲ್ಲಿ ಅವಸರ ಬೇಡ.

ರಾಣಿ ಇ8 ಚೆಕ್ ಕೊಟ್ಟರೆ ಆನೆ ಬಿ8. ಅಡ್ಡ ಬಂದ ಆನೆಯೇ ರಾಣಿಯನ್ನು ಅದರ ರಾಜನಿಗೆ ಕಟ್ಟಿಹಾಕುತ್ತದೆ, ಅಂದರೆ ಸಾಲು ಬಿಟ್ಟರೆ ರಾಜನಿಗೇ ಚೆಕ್ ಬೀಳುವುದರಿಂದ ರಾಣಿ ಸಾಲು ಬಿಡುವಂತಿಲ್ಲ. ರಾಜ ಜಿ8ಕ್ಕೆ ಹೋದರೆ ಆನೆ ಇ8ನ್ನು ಹೊಡೆದು ಅಲ್ಲೇ ಮೇಟ್. ಹಾಗಾಗಿ ರಾಣಿ ಬಿ8 ಆನೆಯನ್ನು ಹೊಡೆಯಬೇಕು, ಬಿಳಿ ರಾಜ ರಾಣಿಯನ್ನು ಹೊಡೆಯುತ್ತಾನೆ. ಬೋರ್ಡಿನಲ್ಲಿ ಉಳಿದದ್ದು ಬಿಳಿಗೆ ಒಂದು ಆನೆ, ಕಪ್ಪಿಗೆ ಸಿ6 ಕಾಲಾಳು. ಅದು ಸಿ5ಕ್ಕೆ ಬಂದರೆ ಆನೆ ಸಿ7, ಸಿ4ಕ್ಕೆ ಬಂದರೆ ಹೊಡೆತ. ಮುಂದಿನದು ಆನೆ-ರಾಜ ಮೇಟ್, ಎಲ್ಲರಿಗೂ ಬರುತ್ತದೆ.

ರಾಣಿ ತಾನೇ ಬಿ8ಕ್ಕೆ ಬಿದ್ದು ಚೆಕ್ ಕೊಟ್ಟರೆ ರಾಜನಿಂದ ಹೊಡೆಯಬೇಡಿ. ಆನೆಯಿಂದ ಹೊಡೆಯಿರಿ, ಅದೇ ಮೇಟ್. ರಾಣಿ ಡಿ6, ಎಫ್4, ಜಿ3, ಎಚ್2ರಲ್ಲಿ ನಿಂತು ಬಿ8 ಕಾಯ್ದರೆ ಬಿಳಿ ಆನೆ ಹೇಗೂ ಬಿ8ಕ್ಕೆ ಹೋಗುತ್ತದೆ: ಒಂದು ಆನೆಗೆ ರಾಣಿ. ಜಿ7ಕ್ಕೆ ಬಂದರೆ ಬಿ7 ಆನೆ ಅದನ್ನು ಹೊಡೆಯುತ್ತದೆ. ಆಗ ದಾರಿ ತೆರೆದು ಎ7 ಆನೆ ಜಿ7ನ್ನು ಕಾಯುವುದರಿಂದ ಕಪ್ಪು ರಾಜ ವಾಪಸ್ ಹೊಡೆಯುವಂತಿಲ್ಲ.

ಜಾಣ ಎದುರಾಳಿ ಹುಡುಕುವುದು ರಾಣಿ ಎ5 ಅಥವಾ ಎ1. ಎ7 ಆನೆ ರಾಜನಿಗೆ ಕಟ್ಟಿಬಿತ್ತು. ಇಲ್ಲಿ ಎಷ್ಟೋ ಜನ ಹೆದರಿ ಆನೆ ಸರಿಸಲು ನೋಡುತ್ತಾರೆ. ಬೇಡವೇ ಬೇಡ. ಆನೆ ಬಿ8 ಚೆಕ್! ಕಟ್ಟಿಬಿದ್ದ ಆನೆಗೂ ಎದುರು ರಾಜನನ್ನು ತಡೆಯುವ ಹಕ್ಕು ಇದ್ದೇ ಇದೆ, ಜಿ7, ಎಚ್7 ಮುಚ್ಚಿಯೇ ಇವೆ. ರಾಣಿ ಎ1ರಲ್ಲಿದ್ದರೆ ನೇರ ಮೇಟ್. ಎ5ರಲ್ಲಿದ್ದರೆ ಡಿ8ಕ್ಕೆ ಅಡ್ಡ ಬರುತ್ತದೆ, ಅದನ್ನೂ ಹೊಡೆದು ಮೇಟ್. ಬಿ2ರಲ್ಲಿ ನಿಂತರೆ ಬಿ7 ಆನೆಗೆ ನೇರ ಊಟ. ಬಿ5ರಲ್ಲಿ ನಿಂತರೂ ಹೊಡೆಯಿರಿ, ಸಿ6 ಕಾಲಾಳು ಆ ಆನೆಯನ್ನು ವಾಪಸ್ ಹೊಡೆದರೂ ಗೆಲುವು ಬಿಳಿಯದೇ. ಡಿ5ರಿಂದ ಜಿ8ಕ್ಕೆ ಅಡ್ಡ ಬಂದರೆ ಆನೆ ಹೊಡೆತ, ರಾಜ ಹೊಡೆತ, ನಂತರ ಉಳಿದ ಆನೆ ಸಿ7ಕ್ಕೆ ಹೋಗಿ ಕಾಲಾಳನ್ನು ಹಿಡಿಯುತ್ತದೆ.

ಇಷ್ಟೇ. ಎಲ್ಲಿ ನೋಡಿದರೂ ಕಪ್ಪಿಗೆ ದಾರಿಯಿಲ್ಲ.

ಕೈಲೆಕ್ಕದ ಮೇಲೆ ನಂಬಿಕೆ ಇಲ್ಲದವರಿಗಾಗಿ ಟೇಬಲ್‌ಬೇಸ್ (ಕಡಿಮೆ ಕಾಯಿಗಳ ಎಲ್ಲ ಸ್ಥಿತಿಗಳ ಫಲಿತಾಂಶವನ್ನು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿಟ್ಟ ಕಡತಗಳು) ಮಾತು. ಬೋರ್ಡಿನಲ್ಲಿ ಇರುವುದು 6 ಕಾಯಿ. ರೊನಾಲ್ಡ್ ಡಿ ಮಾನ್ 2013ರಲ್ಲಿ ಹೊರತಂದ ಸಿಜಿಜಿ ಕಡತಗಳಲ್ಲಿ 5 ಕಾಯಿವರೆಗಿನ ಸೆಟ್ ಸುಮಾರು 1 ಜಿಬಿ, 6 ಕಾಯಿಯದು 150 ಜಿಬಿ ಹತ್ತಿರ, 2018ರಲ್ಲಿ ಬೊಜುನ್ ಗುವೊ ಸೇರಿಸಿದ 7 ಕಾಯಿಯದು 17-18 ಟಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡು 150 ಜಿಬಿ ಇಳಿಸಲು ಕೂತರೆ ಎರಡೂವರೆ ತಿಂಗಳು ಬೇಕು. ಆಷಾಢದಲ್ಲಿ ಘಟ್ಟದ ಮೇಲೆ ಕರೆಂಟು, ಟವರು ಎರಡೂ ಒಟ್ಟಿಗೆ ಹೋಗುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬರೀ ಗೆಲುವು-ಡ್ರಾ ಹೇಳುವ ಕಡತಗಳಾದರೆ ಅರ್ಧಕ್ಕಿಂತ ಕಡಿಮೆ ಜಾಗ ಸಾಕು. ಇಡೀ ಸೆಟ್ ಕೂಡ ಬೇಕಿಲ್ಲ. ಈ ಸಾಮಗ್ರಿಯ ಒಂದು ಕಡತ, ಹೊಡೆತವಾದಾಗ ಅದು ಇಳಿಯುವ ಸಣ್ಣ ಕಡತಗಳು, ಕಾಲಾಳು ಬಡ್ತಿ ಪಡೆದಾಗ ಬೇಕಾಗುವ ಕಡತಗಳು ಇದ್ದರೆ ಆಯಿತು. ಬಡ್ತಿಯ ಕಡತ ಬಿಟ್ಟವರಿಗೆ ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಅರ್ಧದಾರಿಯಲ್ಲಿ ಸುಮ್ಮನಾಗುತ್ತದೆ, ತಾವು ತಪ್ಪು ಇಳಿಸಿದೆವು ಎಂದುಕೊಂಡು ಮತ್ತೆ ಮೊದಲಿನಿಂದ ಇಳಿಸುತ್ತಾರೆ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಾಲ್ಕೈದು ಸಾವಿರ ಹಾಕುವ ಮೊದಲು ನೆನಪಿರಲಿ: ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ 7 ಕಾಯಿವರೆಗೆ ಪುಕ್ಕಟೆಯಾಗಿ ನೋಡಬಹುದು, ಸಿಗ್ನಲ್ ಇದ್ದಾಗ. ಅಲ್ಲಿ ಸಿಗುವುದು ಫಲಿತಾಂಶ ಮಾತ್ರ. ಎ8 ಯಾಕೆ ಎಂಬುದನ್ನು ಅಡಿಕೆ ಹೋಳೇ ಹೇಳಬೇಕು.

ದುಡ್ಡಿನ ಮಾತು ಬಂದದ್ದಕ್ಕೆ ಇನ್ನೊಂದು. ಸಾವಿರದ ಮೇಲೆ ಕೊಟ್ಟು ಕೊಂಡ ಒಂದು ಅಂತ್ಯಾಟದ ಕೋರ್ಸಿನಲ್ಲಿ ಎರಡು ಆನೆ-ರಾಣಿ ವಿಷಯಕ್ಕೆ ಸಿಕ್ಕಿದ್ದು ಹತ್ತು ನಿಮಿಷವೂ ಇಲ್ಲ. ಅದೇ ದುಡ್ಡಿಗೆ ಸುತ್ತುವ ರೆಕ್ಸಿನ್ ಬೋರ್ಡ್, ತೂಕದ ಪ್ಲಾಸ್ಟಿಕ್ ಕಾಯಿ ಬಂದು ಇನ್ನೂ ಚಿಲ್ಲರೆ ಉಳಿಯುತ್ತಿತ್ತು. ಮರದ ಸೆಟ್ಟಿಗೆ ಕರಾವಳಿಯ ಮಳೆಗಾಲ ಆಗಿಬರುವುದಿಲ್ಲ. ಕಾಯಿಯ ಅಡಿಯ ಫೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಮಡಚುವ ಬೋರ್ಡ್ ಕೀಲಿನ ಹತ್ತಿರ ಉಬ್ಬುತ್ತದೆ. ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಆಯಸ್ಕಾಂತದ ಪುಟ್ಟ ಬೋರ್ಡ್ ಒಂದೇ ಗತಿ. ಕಾರವಾರದ ಉಪ್ಪುಗಾಳಿಗೆ ಅದರ ತಗಡೂ ತುಕ್ಕು ಹಿಡಿಯುತ್ತದೆ, ಎಣ್ಣೆಬಟ್ಟೆಯಲ್ಲಿ ಒರೆಸಿಡಿ.

ಉತ್ತರ ಸಿಕ್ಕಿದ ಮೇಲೆ ಸಿ6 ಕಾಲಾಳನ್ನು ಅತ್ತಿತ್ತ ಸರಿಸಿ ನೋಡಿದ್ದು ನಿಜವಾದ ಮಜಾ. ಕಾಲಾಳನ್ನೇ ತೆಗೆದುಬಿಟ್ಟರೆ ಕಪ್ಪಿನ ಬಲ ಕಡಿಮೆಯಾಯಿತು, ಗೆಲುವು ಸುಲಭವಾಗಬೇಕು ಅಲ್ಲವೇ? ಆಗುವುದಿಲ್ಲ. 1. ರಾಜ ಎ8 ಆದಮೇಲೆ ರಾಣಿ ಡಿ5ಕ್ಕೆ ಅಥವಾ ಇ4ಕ್ಕೆ ಬಂದು ಬಿ7 ಆನೆಯನ್ನು ದೊಡ್ಡ ಕರ್ಣದಲ್ಲಿ ಕಟ್ಟಿಹಾಕುತ್ತದೆ. ಆನೆ ಬಿ8 ಆಡುವುದೇ ನಿಯಮಬಾಹಿರ. ರಾಜ ಬಿ8ಕ್ಕೆ ಬಂದು ಕಟ್ಟು ಬಿಡಿಸಿಕೊಂಡರೆ ಇ5ರಿಂದ ಮತ್ತೆ ಚೆಕ್. ಮನೆಯ ಬಾಗಿಲಿಗೆ ತನ್ನದೇ ಎತ್ತು ಅಡ್ಡ ಮಲಗಿದ ಹಾಗೆ, ಕಪ್ಪು ರಾಣಿಯನ್ನು ಹೊರಗೆ ನಿಲ್ಲಿಸಿದ್ದು ಕಪ್ಪು ಕಾಲಾಳೇ.

ಅದೇ ಕಾಲಾಳನ್ನು ಡಿ5ರಲ್ಲಿ ಇಟ್ಟರೆ? ಇ5ರಲ್ಲಿರುವ ರಾಣಿಗೆ ಒಂದೇ ನಡೆಯಲ್ಲಿ ಸಿ6 ಸಿಗುವುದಿಲ್ಲ, ಹಾಗಾಗಿ ಎ8 ಗೆಲ್ಲುತ್ತದೆ. ಇ4ರಲ್ಲಿ ಇಟ್ಟರೆ ಡಿ5 ಖಾಲಿ, ರಾಣಿ ನಡುವೆ ನುಗ್ಗಿ ಕಟ್ಟುತ್ತದೆ, ಈ ದಾರಿ ಅಲ್ಲಿಗೆ ಮುಚ್ಚಿತು. ಕಪ್ಪು ರಾಜ ಎಚ್6ರಲ್ಲಿದ್ದರೂ ಈ ಕೋಟೆ ಪ್ರಯೋಜನಕ್ಕೆ ಬಾರದು: ಆನೆ ಬಿ8 ಚೆಕ್ಕೇ ಅಲ್ಲ, 8ನೇ ಸಾಲಿನಲ್ಲಿ ರಾಣಿಯ ಹಿಂದೆ ಕಟ್ಟಲು ರಾಜನೂ ಇಲ್ಲ. ಒಟ್ಟು ಬೇಕಾದ್ದು ಮೂರು: ಮೂಲೆಯಲ್ಲಿ ರಾಜ ಮತ್ತು ಅವನಿಗೆ ತಾಗಿದ ಎರಡು ಆನೆ, ಮುಚ್ಚಿದ ದೊಡ್ಡ ಕರ್ಣ, 8ನೇ ಸಾಲಿನಲ್ಲಿ ಸಿಕ್ಕಿಬಿದ್ದ ಎದುರು ರಾಜ. ಬೇರೆ ಮೂಲೆಗಳಿಗೂ ಕನ್ನಡಿಯಂತೆ ತಿರುಗಿಸಿಕೊಳ್ಳಬಹುದು. ಹೋಳುಗಳನ್ನು ಯಾವ ದಿಕ್ಕಿನಿಂದ ಇಡಲು ಶುರುಮಾಡಿದರೆ ಅರ್ಧ ನಿಮಿಷದಲ್ಲಿ ಉತ್ತರ ಕಾಣುತ್ತದೆ ಎಂಬುದಕ್ಕೆ ನನ್ನದೊಂದು ಕ್ರಮವಿದೆ. ಅದನ್ನು ಇಲ್ಲಿ ಬಿಡುವುದಿಲ್ಲ, ಕುಮಟೆಯವರ ಜೊತೆ ಇನ್ನೂ ಆಡುವುದಿದೆ.

ಕಾಲಾಳು ಇಲ್ಲದ ಸ್ಥಿತಿಯಲ್ಲಿ ಸ್ಟೇಲ್‌ಮೇಟಿನ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಹಾಗಾಗಿ ಡ್ರಾ) ಹೊಂಡವೂ ಇದೆ. ಕಪ್ಪು ರಾಜ ಎಚ್8, ಬಿಳಿ ಆನೆಗಳು ಎ7 ಮತ್ತು ಜಿ5 ಎಂದಿಟ್ಟುಕೊಳ್ಳಿ. ರಾಜನಿಗೆ ಒಂದು ಮನೆಯೂ ಇಲ್ಲ. ರಾಣಿ ಬಿಳಿ ರಾಜನ ಪಕ್ಕಕ್ಕೇ ಬಂದು ಚೆಕ್ ಕೊಡುತ್ತದೆ, ರಾಜ ಹೊಡೆದರೆ ಡ್ರಾ. ಆನೆಗಳು ಎ7, ಬಿ7ರಲ್ಲಿದ್ದರೆ ಜಿ8 ಖಾಲಿ ಉಳಿಯುವುದರಿಂದ ಆ ಭಯವಿಲ್ಲ.

ಸ್ಪರ್ಧೆಯ ಆಟದಲ್ಲಿ ಕಾಲಾಳು ಹೆಚ್ಚಿರುವಾಗ ಮೂಲೆಯ ಕೋಟೆ ಅಪರೂಪ. ಅಲ್ಲಿ ದುಡಿಯುವುದು ಎಫ್7 ಲೆಕ್ಕ: ಎರಡು ಆನೆ ಒಟ್ಟಿಗೆ ಹಿಡಿದ ಕಾಲಾಳನ್ನು ರಾಣಿ ಒಂದೇ ಕಾಯುತ್ತಿದ್ದರೆ ಆ ಕಾವಲು ಸೊನ್ನೆ. ರಾಜನೂ ಕಾಯುತ್ತಿದ್ದರೆ ಎರಡು ಆನೆ ಕೊಟ್ಟು ರಾಣಿ ಮತ್ತು ಒಂದು ಕಾಲಾಳು ಸಿಗುತ್ತದೆ, ಕಪ್ಪು ರಾಜ ಎಫ್7ರಲ್ಲಿ ನಿಲ್ಲುತ್ತಾನೆ, ನಡೆ ಬಿಳಿಯದು. ಆಗ ಬಿಳಿಯ ಬಳಿ ಒಂಟಿ ಕಾಲಾಳು ಎ4ರಲ್ಲಿದ್ದರೆ ಎ5 ಆಡಿ ಓಡಬಹುದು, ಕಪ್ಪು ರಾಜ ಸಿ7 ತಲುಪುವಾಗ ಇದು ಎ8ರಲ್ಲಿ ರಾಣಿಯಾಗಿರುತ್ತದೆ. ಎ3ರಲ್ಲಿದ್ದರೆ ರಾಜ ಬಿ7 ತಲುಪಿ ಹಿಡಿಯುತ್ತಾನೆ. ಎ2ರಲ್ಲಿದ್ದರೂ ಅಷ್ಟೇ, ಎರಡು ಮನೆಯ ಜಿಗಿತ ಅದನ್ನು ಎ3ಕ್ಕೆ ಸಮ ಮಾಡುತ್ತದೆ. ಬಿಳಿ ರಾಜ ದೂರ ಇದ್ದಾನೆ ಎಂಬ ಲೆಕ್ಕದಲ್ಲಿ ಇದು. ಅದಲಾಬದಲಿಗೆ ಕೈ ಹಾಕುವ ಮೊದಲು ಈ ಒಂದು ಮನೆಯ ವ್ಯತ್ಯಾಸ ಎಣಿಸದವರು ಗೆದ್ದ ಆಟವನ್ನು ಅರ್ಧ ಪಾಯಿಂಟಿಗೆ ಮಾರುತ್ತಾರೆ.

ರಾಣಿ ಹಿಡಿದು ಆಡುವವರಿಗೂ ಒಂದು ಮಾತು ಸಲ್ಲಬೇಕು. ಮೇಲಿನ ಸ್ಥಿತಿಯಲ್ಲಿ ಕಾಲಾಳು ಸಿ6ರ ಬದಲು ಸಿ5ರಲ್ಲಿ ಇದ್ದಿದ್ದರೆ, 1. ರಾಜ ಎ8 ರಾಣಿ ಡಿ5, 2. ರಾಜ ಬಿ8 ರಾಣಿ ಇ5 ಚೆಕ್, ಮತ್ತೆ ಎ8, ಮತ್ತೆ ಡಿ5. ಚೆಕ್ ಕೊಡುತ್ತ ಹೊಸ ಉಪಾಯ ಹುಡುಕುವುದಕ್ಕಿಂತ, ಬಿಳಿ ರಾಜ ಮೂಲೆಯ ಹತ್ತಿರ ಬರುವ ಮೊದಲೇ ಬಿಡುವು ನೋಡಿ ಆ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ ಕರ್ಣ ತೆರೆದಿಡಬೇಕು.